ಹೆಜ್ಜೆ ಕಿರಿದಾದ ಜಾಗ

ಹೊಳೆಯ ಆಚೆ ದಡದಲ್ಲಿ ಒಂದು ಮಠ. ಅಲ್ಲಿನ ಸ್ವಾಮಿಗಳಾದ ಅಜ್ಜಾರ ಬಳಿಗೆ ಮುರಿಗೆಪ್ಪ ಬಂದದ್ದು ಹೆಂಡತಿ ನೀಲವ್ವ ಹೊಳೆಪಾಲಾದ ಮೇಲೆ. ದಾಟುವ ಕಲ್ಲಿನಿಂದ ಕಾಲು ಜಾರಿತು ಎಂದು ಊರು ಹೇಳಿತ್ತು. ಅವನೂ ಹಾಗೇ ನಂಬಿದ್ದ.

ಅಜ್ಜಾರು ಅವನಿಗೆ ಮಂತ್ರ ಕೊಡಲಿಲ್ಲ. ದಡದಲ್ಲಿ ಕೂತು, ದಾಟುವವರ ಕಾಲು ನೋಡು ಅಂದರು.

ಮಳೆಗಾಲ ಬಂದು ಹೋಯಿತು. ಅವನು ನೋಡುತ್ತಲೇ ಇದ್ದ.

ಒಂದು ಮುಂಜಾನೆ ಅಜ್ಜಾರ ಮುಂದೆ ಬಂದು ನಿಂತ. 

ಕಲ್ಲಿಂದ ಕಲ್ಲಿಗೆ ಜಿಗಿಯುವ ಕಡೆ ಯಾರೂ ಒಮ್ಮೆಲೇ ಜಿಗಿಯುವುದಿಲ್ಲ ಎಂದ. ಇನ್ನೂ ಅಷ್ಟು ದೂರ ಇರುವಾಗಲೇ ಹೆಜ್ಜೆ ಕಿರಿದಾಗುತ್ತದೆ. ಪಕ್ಕಕ್ಕೆ ತಿರುಗುವವರದೂ ಹಾಗೆಯೇ. ಜಾರುವವರ ಕಾಲಿಗೆ ಮಾತ್ರ ಮೊದಲೇ ತಿಳಿದಿರುವುದಿಲ್ಲ. ಅವರು ನಡೆಯುತ್ತಿದ್ದ ಹಾಗೇ ಜಾರುತ್ತಾರೆ.

"ಸರಿಯಾಗಿ ನೋಡಿದ್ದೀಯ," ಅಂದರು ಅಜ್ಜಾರು.

"ನಾನು ಅವತ್ತು ಅವಳ ಹಿಂದೆಯೇ ಇದ್ದೆ, ಅಜ್ಜಾರೇ. ಅವಳು ಬಿದ್ದ ಮಡುವಿನ ಪಕ್ಕದ ಕಲ್ಲು ಅಗಲವಾಗಿದೆ. ಅಲ್ಲಿ ಜಿಗಿಯುವ ಕೆಲಸವೇ ಇಲ್ಲ. ಆದರೂ ಅಲ್ಲಿಗೆ ಮುಟ್ಟುವ ಮೊದಲೇ ಅವಳ ಹೆಜ್ಜೆ ಕಿರಿದಾಗಿತ್ತು."

ಮುರಿಗೆಪ್ಪ ಅಲ್ಲೇ ಕೂತ.

"ದಣಿದಿದ್ದಾಳೆ ಅಂದುಕೊಂಡೆ. ಬೇಗ ನಡಿ ಅಂತ ಗದರಿದೆ."

ಅದಕ್ಕೂ ಮೊದಲು ಅವರಿಬ್ಬರ ಕೂಸು ತೀರಿಕೊಂಡಿತ್ತು. ಆಮೇಲೆ ಅವಳು ಮಾತಾಡಿದ್ದೇ ಕಡಿಮೆ. ಅದೂ ಅವನಿಗೆ ಈಗ ಕಾಣುತ್ತಿತ್ತು.

ಜಾರಿದಳು ಅಂತ ಒಂದು ಮಾತು ಹೇಳಿಬಿಡಿ ಎಂದು ಅಂಗಲಾಚಿದ. ಅಜ್ಜಾರು ಹೇಳಲಿಲ್ಲ.

"ನೋಡೋದನ್ನು ನನಗೆ ಯಾಕೆ ಕಲಿಸಿದಿರಿ?"



ಊರಿಗೆ ಹೋಗುತ್ತೇನೆಂದು ಅವನು ಎದ್ದ. ತನ್ನ ಬಟ್ಟೆಬರೆಯ ಗಂಟನ್ನು ತೆಗೆದುಕೊಳ್ಳಲಿಲ್ಲ. ಅಜ್ಜಾರು ಕೋಲು ಹಿಡಿದು ಹಿಂದೆಯೇ ಹೊರಟರು. ಬೇಡವೆಂದರೂ ಕೇಳಲಿಲ್ಲ.

ನೀರು ಕಲ್ಲುಗಳ ಅಂಚು ಸವರುತ್ತಿತ್ತು. ಮುರಿಗೆಪ್ಪ ಮುಂದೆ, ಅಜ್ಜಾರು ಹಿಂದೆ. ನಡುಹೊಳೆ ಬಂತು. ಮಡುವಿನ ಪಕ್ಕದ ಅಗಲ ಕಲ್ಲಿಗೆ ಇನ್ನೂ ಸ್ವಲ್ಪ ದೂರವಿತ್ತು.

ಅವನ ಹೆಜ್ಜೆ ಕಿರಿದಾಯಿತು.

ಆದದ್ದು ಅವನಿಗೇ ಗೊತ್ತಾಯಿತು. ಆದರೂ ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ, ಅದೂ ಗಿಡ್ಡ.

ಅವನ ನಡುವಿಗೆ ಬಿಗಿದಿದ್ದ ವಸ್ತ್ರ ಹಿಂದಕ್ಕೆ ಜಗ್ಗಿತು. ತಿರುಗಿ ನೋಡಿದ. ಅಜ್ಜಾರು ಅದರ ತುದಿಯನ್ನು ತಮ್ಮ ಮುಂಗೈಗೆ ಸುತ್ತಿ, ಹಲ್ಲಿನಿಂದ ಕಚ್ಚಿ ಗಂಟು ಬಿಗಿಯುತ್ತಿದ್ದರು. ಕೋಲು ಎಲ್ಲೋ ನೀರಿನಲ್ಲಿ ಹೋಗಿತ್ತು. 

"ನಡಿ," ಅಂದರು. "ನನಗೆ ಈಜು ಬರೋದಿಲ್ಲ."