ಹೇಳಿ ಕಳಿಸಿ ಬಂದ ಮುಂಗುಸಿ

ಒಂದು ಕಾಡಿನಲ್ಲಿ ನರಿಯಪ್ಪನದೊಂದು ಸುರಂಗವಿತ್ತು. ಹೆಗ್ಗಣಗಳು ಅದರೊಳಗೆ ಹೊಕ್ಕು ಅವನಿಗೆ ಗೆಡ್ಡೆ ತೋಡಿ ತರುತ್ತಿದ್ದವು. ಮಣ್ಣು ಕುಸಿಯದಂತೆ ಒಂದೊಂದು ಮಾರು ದೂರಕ್ಕೂ ಒಂದು ಕಂಬ ನಿಲ್ಲಿಸಬೇಕೆಂಬುದು ಕಾಡಿನ ಕಾನೂನು. ಅದನ್ನು ನೋಡಿಕೊಳ್ಳಲು ಸಿಂಹರಾಜ ಮುಂಗುಸಿಯನ್ನು ನೇಮಿಸಿದ್ದ. ಆಕೆ ಹೇಳದೆ ಕೇಳದೆ ಬರುತ್ತಿದ್ದಳು. ಒಂದೊಂದು ಕಂಬಕ್ಕೂ ಹೆಗಲು ಕೊಟ್ಟು ನೂಕುತ್ತಿದ್ದಳು. ಅಲ್ಲಾಡಿದರೆ ಕೆಲಸ ಬಂದ್.

ನರಿಯಪ್ಪನಿಗೆ ಇದು ನುಂಗಲಾರದ ತುತ್ತಾಯಿತು. ಪಕ್ಕದ ಕಾಡುಗಳೆಲ್ಲ ಮುಂದೆ ಹೋದವು, ನಾವು ಮಾತ್ರ ಹಳೇ ಕಾನೂನು ಹಿಡಿದು ಕೂತಿದ್ದೇವೆ ಎಂದು ಸಿಂಹದ ಮುಂದೆ ಗೋಳಾಡಿದ.

"ಮನೆಗೆ ನೆಂಟರು ಬರುವುದಾದರೂ ಹೇಳಿ ಕಳಿಸುತ್ತಾರೆ, ಪ್ರಭು. ಈಯಮ್ಮ ಪಾತ್ರೆ ಮುಚ್ಚಳ ತೆಗೆದು ನೋಡುವ ಅತ್ತೆಯ ಹಾಗೆ ನುಗ್ಗುತ್ತಾಳೆ."

ಸಿಂಹರಾಜ ನಕ್ಕ. ನಕ್ಕ ಮೇಲೆ ಒಪ್ಪಿಯೂಬಿಟ್ಟ. ಇನ್ನು ಮುಂಗುಸಿ ಮೂರು ದಿನ ಮೊದಲೇ ತಿಳಿಸಿ ಬರಬೇಕೆಂದು ಹೊಸ ಕಾನೂನಾಯಿತು.

ಅಂದಿನಿಂದ ಅವಳು ಬರುವ ದಿನ ಸುರಂಗದ ತುಂಬ ಕಂಬ. ಅವಳು ಬೆನ್ನು ತಿರುಗಿಸಿದ ಕೂಡಲೇ ನರಿಯಪ್ಪ ತೋಡುವುದಕ್ಕೆ ಅಡ್ಡವೆಂದು ಎಲ್ಲವನ್ನೂ ಕೀಳಿಸಿ, ಮುಂದಿನ ಸಲಕ್ಕೆಂದು ಜೋಪಾನವಾಗಿ ಎತ್ತಿಡಿಸುತ್ತಿದ್ದ. ಒಂದು ಸಲ ಕಂಬದ ಬುಡದ ಮಣ್ಣು ಆಗಷ್ಟೇ ಅಗೆದಂತಿರುವುದು ಮುಂಗುಸಿಯ ಕಣ್ಣಿಗೆ ಬಿತ್ತು. ಹೆಗ್ಗಣಗಳ ಮೇಸ್ತ್ರಿ ಬೋರಯ್ಯನನ್ನು ವಿಚಾರಿಸಿದಳು. ಪಕ್ಕದಲ್ಲೇ ನರಿಯಪ್ಪ ನಿಂತಿದ್ದ. ಎಲ್ಲ ಸರಿಯಾಗಿದೆ ಅಕ್ಕ ಎಂದು ಬೋರಯ್ಯ ನೆಲ ನೋಡಿದ. ಅವನನ್ನು ಆಚೆ ಕರೆದು ಇನ್ನೊಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕಾನೂನು ಹೇಳಿದಷ್ಟು ನೋಡಿಯಾಯಿತಲ್ಲ ಎಂದುಕೊಂಡು ಒಪ್ಪಿಗೆಯ ಎಲೆಗೆ ಪಂಜ ಒತ್ತಿದಳು.

ವಾರದೊಳಗೆ ಸುರಂಗ ಕುಸಿಯಿತು. ಬೋರಯ್ಯ ಒಳಗೇ ಉಳಿದ.

ಸಿಂಹರಾಜ ಬಂದಾಗ ನರಿಯಪ್ಪ ಮುಂಗುಸಿಯ ಎಲೆಯನ್ನು ಮುಂದೆ ಹಿಡಿದ. ಸುರಂಗ ಗಟ್ಟಿಯಾಗಿಯೇ ಇದೆ, ಆ ಹೆಗ್ಗಣವೇ ಅಡ್ಡಾದಿಡ್ಡಿ ತೋಡಿಕೊಂಡಿತು ಎಂದ.

"ಹಾಗಾದರೆ ಉಳಿದ ಭಾಗಕ್ಕೆ ನೀನೇ ಹೊಕ್ಕು ನನಗೊಂದು ಗೆಡ್ಡೆ ತಾ," ಎಂದ ಸಿಂಹರಾಜ.

ನರಿಯಪ್ಪನ ಕಾಲು ಏಳಲಿಲ್ಲ. ಬೇರೆ ಸಾಕ್ಷಿ ಬೇಕಾಗಲಿಲ್ಲ. ಅವನನ್ನು ಕಾಡಿನಿಂದಲೇ ಅಟ್ಟಿದರು. ಹಳೆಯ ಕಾನೂನು ಮತ್ತೆ ಜಾರಿಗೆ ಬಂತು.

ಈ ಸುದ್ದಿ ಹೇಳಲು ಮುಂಗುಸಿ ಬೋರಯ್ಯನ ಹೆಂಡತಿ ಸಣ್ಣಕ್ಕನ ಬಿಲಕ್ಕೆ ಹೋದಳು. ಸಣ್ಣಕ್ಕ ಮರಿಗಳ ಮುಂದೆ ಊಟ ಇಡುತ್ತಿದ್ದಳು. ತಲೆಯೆತ್ತದೆ ಎಲ್ಲ ಕೇಳಿಸಿಕೊಂಡಳು.

"ಕಾನೂನು ವಾಪಸ್ ಬಂತು, ಒಳ್ಳೇದಾಯ್ತಕ್ಕ," ಎಂದಳು. "ನಮ್ಮನೆಯವರು ಬರಲಿಲ್ಲ."

ಮುಂಗುಸಿಗೆ ಕೂರಲೂ ಆಗಲಿಲ್ಲ, ಹೊರಡಲೂ ಆಗಲಿಲ್ಲ.

ನೀತಿ: ದುಡಿಯುವವರ ಜೀವ ಕಾಯುವ ಕಾನೂನನ್ನು ಸಡಿಲಿಸಬಾರದು, ಸಡಿಲಿಸಿದ್ದು ಕಂಡೂ ಸುಮ್ಮನಿದ್ದವರಿಗೆ ಆ ತಪ್ಪಿನಲ್ಲಿ ಪಾಲಿದೆ.