ಜೀಪು ತೆತ್ತ ಬಾಡಿಗೆ

ವ್ಯವಹಾರ ಇಷ್ಟೇ: ಊರೊಳಗೆ ಓಡಾಡಬೇಕಾದರೆ ಗುಡ್ಡದ ಜೀಪು ಕನ್ನಡಿ, ಹಾರ್ನು, ನಂಬರ್ ಪ್ಲೇಟು ಹಾಕಿಕೊಳ್ಳಬೇಕು, ಬಾಡಿಗೆಯೆಂದು ತನ್ನ ಟೈರಿನ ಹಲ್ಲನ್ನು ಡಾಂಬರು ರಸ್ತೆಗೆ ಚೂರುಚೂರೇ ಸವೆಸಿ ಕೊಡಬೇಕು.

"ಇಷ್ಟೇನಾ ರಸ್ತೆಯಣ್ಣ? ಬಂಡೆ ಅಗಿದ ಹಲ್ಲು ಕಣಯ್ಯಾ ಇದು!" ಎಂದು ಜೀಪು ನಕ್ಕಿತು.

"ಅಗಿದಿರಬಹುದು ತಮ್ಮಾ. ನನ್ನ ಸವರಾಟ ನೀನಿನ್ನೂ ನೋಡಿಲ್ಲ," ಎಂದಿತು ರಸ್ತೆ.

ಬೇಸಿಗೆಯೆಲ್ಲ ಜೀಪು ಬಿಸಿಲ್ಗುದುರೆಯ ಹಿಂದೆ ತೇಲಿದಂತೆ ಓಡಿತು. ಕುಲುಕಾಟವಿಲ್ಲ, ನಿದ್ದೆಯಲ್ಲಿ ನಡೆದ ಹಾಗೆ. ಮೊದಲ ಮಳೆಗೆ ಮನೆ ನೆನಪಾಗಿ ಗುಡ್ಡದತ್ತ ತಿರುಗಿತು. ಬೋಳು ಟೈರು ಕೆಸರಿನಲ್ಲಿ ಗಿರಗಿರನೆ ಸುತ್ತಿತೇ ಹೊರತು ಮೇಲೇರಲಿಲ್ಲ.

"ಯಾರಪ್ಪಾ ಅದು?" ಎಂದಿತು ಗುಡ್ಡ.

ಜೀಪು ಹಾರ್ನು ಬಾರಿಸಿತು.

"ಕೂಗಿದ್ದು ಸಾಕು, ಹತ್ತು!"

ಕೊನೆಗೆ ಗಳಿಸಿದ್ದು ಒಂದು ನಂಬರು, ಒಂದು ಹಾರ್ನು, ಹಿಂದಕ್ಕೆ ಜಾರುವಾಗ ದಾರಿ ತೋರಿಸಲು ಎರಡು ಕನ್ನಡಿ.