ರಾಯರ ಹೊಟ್ಟೆಯೊಳಗಿನ ಹಲ್ಲು

ಸಿಗಡಿಗಳ ದೊಡ್ಡಣ್ಣನಂತಿರುವ ಲಾಬ್‌ಸ್ಟರ್ ರಾಯರು ಆಗಷ್ಟೇ ಹಳೆಯ ಚಿಪ್ಪು ಕಳಚಿಟ್ಟು, ಬೆಣ್ಣೆಯಂಥ ಮೈಯನ್ನು ಬಂಡೆಯ ಸಂದಿಗೆ ತುರುಕಿಕೊಂಡಿದ್ದರು. ಅಷ್ಟರಲ್ಲಿ ಹಾವುಮೀನು ಬಂತು.

"ಏನ್ರೀ ರಾಯರೇ, ಬಾಯಲ್ಲಿ ಒಂದು ಹಲ್ಲೂ ಇಲ್ಲವಲ್ಲ! ನುಂಗಿಬಿಡಲೇ?"

ರಾಯರು ದನಿ ಏರಿಸಲಿಲ್ಲ. "ಧಾರಾಳವಾಗಿ ನುಂಗಪ್ಪ. ಮೊದಲು ಅಲ್ಲಿ ಬಿದ್ದಿರುವ ನನ್ನ ಹಳೆಯ ಚಿಪ್ಪಿನ ಹೊಟ್ಟೆಯೊಳಗೆ ಒಮ್ಮೆ ಇಣುಕು."

ಹಾವುಮೀನು ಇಣುಕಿತು. "ಅಯ್ಯಯ್ಯೋ, ಹೊಟ್ಟೆಯಲ್ಲಿ ಹಲ್ಲು!"

"ಹೌದಪ್ಪ, ನಾವು ಊಟ ಅರೆಯುವುದೆಲ್ಲ ಒಳಗೇ. ಚಿಪ್ಪಿನ ಜೊತೆ ಹಳೆಯ ಹಲ್ಲು ಕಳಚುತ್ತದೆ, ಹೊಸದು ಬರುತ್ತದೆ. ನಿನ್ನ ಹೊಟ್ಟೆ ಸೇರಿದ ಮೇಲೂ ಅರೆಯುವ ಅಭ್ಯಾಸ ಬಿಡಲಾರೆ, ನೋಡು."

"ಛೇ, ನನ್ನದು ಈಗಷ್ಟೇ ಊಟವಾಯಿತು ರಾಯರೇ!" ಎಂದು ಹಾವುಮೀನು ಬಂದ ದಾರಿ ಹಿಡಿಯಿತು.

ಹೊಸ ಹಲ್ಲೂ ಮೈಯಷ್ಟೇ ಮೆತ್ತಗಿದೆ ಎಂಬುದನ್ನು ರಾಯರು ಇಂದಿಗೂ ಯಾರಿಗೂ ಹೇಳಿಲ್ಲ.